ಹುಳಿ ಬೇಡಿದ ಬೋಗುಣಿ

ಇತ್ತೆಂದವರಿಗೆ ಇತ್ತು, ಇಲ್ಲವೆಂದವರಿಗೆ ಇಲ್ಲ. ಬೆಟ್ಟಗಳು ಇನ್ನೂ ಎಳೆಯವಾಗಿದ್ದ ಕಾಲದಲ್ಲಿ, ಎಲ್ಲಕ್ಕಿಂತ ಎತ್ತರದ ಬೆಟ್ಟದ ತುದಿಯಲ್ಲಿ ಹಿಮದ ಮುದುಕಿಯೊಬ್ಬಳು ಇದ್ದಳಂತೆ. ಅವಳಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕಾಲುವೆಯ ತಲೆಯಲ್ಲಿ ಮನೆ ಕಟ್ಟಿದ, ಚಿಕ್ಕವನು ಕಾಲುವೆಯ ಪಾದದಲ್ಲಿ. ನೀರಿಗಾಗಿ ಇಬ್ಬರೂ ಗುದ್ದಲಿ ಎತ್ತಿಕೊಂಡು ನಿಂತಾಗ ಮುದುಕಿ ತನ್ನ ತಾಮ್ರದ ಬೋಗುಣಿಯ ತಳಕ್ಕೆ ಸೂಜಿಯಿಂದ ಒಂದು ತೂತು ಕೊರೆದು ಕೊಟ್ಟಳು. ಇದನ್ನು ನೀರಿನ ಮೇಲೆ ತೇಲಿಬಿಡಿ, ತುಂಬಿ ಮುಳುಗಿದರೆ ಒಂದು ಅಂತ ಎಣಿಸಿ ಅಂದಳು. ಹೊತ್ತು ಹುಟ್ಟಿದಾಗಿನಿಂದ ನಲವತ್ತು ಮುಳುಗಿನ ತನಕ ನೀರು ದೊಡ್ಡವನದು. ಆಮೇಲೆ ಹೊತ್ತು ಮುಳುಗುವ ತನಕ ಚಿಕ್ಕವನದು. ರಾತ್ರಿಯ ನೀರು ನದಿಯದು, ಮೀನಿನದು, ತೋಳದ್ದು.

ಆಗ ಬೋಗುಣಿಯೇ ಬಾಯಿಬಿಟ್ಟು ಮಾತಾಡಿತಂತೆ. "ವರ್ಷಕ್ಕೊಂದು ಸಲ ನನಗೂ ಬಾಯಾರತ್ತೆ. ನೀರಿನ ಬಾಯಾರಿಕೆ ಅಲ್ಲ, ಹುಳಿಯದು. ನನಗೆ ಹುಳಿ ಕುಡಿಸಿ, ಕಾಡುಗುಲಾಬಿ ಮುಳ್ಳಿನಿಂದ ಹಲ್ಲು ತಿಕ್ಕೋರು ಯಾರು?"

ಇಲ್ಲಿಗೆ ಬಂದಾಗ ಬೀಬಿ ಕಥೆ ನಿಲ್ಲಿಸಿ ಮೊಮ್ಮಗಳ ಮುಖ ನೋಡುತ್ತಿದ್ದಳು. ಏಳು ವರ್ಷದ ಸವ್ರಿನಿಸೊ ಪ್ರತಿ ಸಲವೂ ಕೈ ಎತ್ತಿ, ನಾನು ಬೀಬಿ, ನಾನು ಅನ್ನುತ್ತಿದ್ದಳು. ಮಾತು ಕೊಟ್ಟೆಯಾ ಅಂತ ಬೀಬಿ ಕೇಳುವಳು. ಕೊಟ್ಟೆ ಅಂತ ಸವ್ರಿ ಹೇಳುವಳು. ಆಮೇಲೆ ಕಥೆ ಮುಂದಕ್ಕೆ ಹೋಗುವುದು, ಸವ್ರಿ ನಿದ್ದೆಗೆ ಹೋಗುವಳು.

ಅದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಬೀಬಿ ತೀರಿಕೊಂಡೇ ಹನ್ನೆರಡು ವರ್ಷವಾಗಿತ್ತು. ಮಾತು ಕೊಟ್ಟದ್ದನ್ನು ಸವ್ರಿ ಮರೆತಿರಲಿಲ್ಲ. ಆದರೆ ಕಥೆಯೊಳಗೆ ಕೊಟ್ಟ ಮಾತನ್ನು ಕಥೆಯೊಳಗೇ ನಡೆಸಿದರಾಯಿತು ಅಂದುಕೊಂಡಿದ್ದಳು.

ಈಗ ಅದೇ ಬೋಗುಣಿ ಅವಳ ಕೈಯಲ್ಲಿತ್ತು. ಮೇಲಿನೂರು ಸಾರಿಜೂಯ್, ಕೆಳಗಿನೂರು ಪೋಯಿಜೂಯ್, ಎರಡಕ್ಕೂ ಸೇರಿ ಅವಳೇ ಮೀರಾಬ್. ನೀರು ಯಾವಾಗ ಯಾರಿಗೆ ಎಂದು ಹೇಳುವ ಮಾತು ಅವಳದು. ಹೆಂಗಸು ಮೀರಾಬ್ ಆದದ್ದು ಇದೇ ಮೊದಲು. ಅವಳ ಗಂಡನನ್ನೂ ಸೇರಿಸಿ ಗಟ್ಟಿಮುಟ್ಟಾದ ಗಂಡಸರೆಲ್ಲ ರಷ್ಯಾದಲ್ಲಿ ಗೋಡೆ ಕಟ್ಟುತ್ತಿದ್ದರು. ಹಳೆಯ ಮೀರಾಬ್ ಆದ ಅಪ್ಪ ಹಕ್‌ನಜರನ ಕಣ್ಣಿಗೆ ಎರಡು ವರ್ಷದಿಂದ ಪೊರೆ ಬಂದು ಕೈಯೂ ನಡುಗುತ್ತಿತ್ತು. ಅವನ ಮಗಳಾದರೆ ಸರಿ, ಅವನ ಬೋಗುಣಿ ಸುಳ್ಳು ಹೇಳಿದ್ದಿಲ್ಲ ಎಂದು ಎರಡೂರಿನ ಹಿರಿಯರು ಒಪ್ಪಿದ್ದರು.

ಎರಡೂರಿನ ನಡುವೆ ಕಾಲುವೆಯ ಪಕ್ಕ ಒಂದು ಹಳೆಯ ಹಿಪ್ಪುನೇರಳೆ ಮರ, ಅದರ ಬುಡದಲ್ಲಿ ಕಲ್ಲಿನ ತೊಟ್ಟಿ. ತೊಟ್ಟಿಯ ನೀರಿನ ಮೇಲೆ ಬೋಗುಣಿ ತೇಲಬೇಕು, ತುಂಬಿ ಮುಳುಗಬೇಕು. ಸವ್ರಿ ಅದನ್ನು ಎತ್ತಿ ಬರಿದು ಮಾಡಿ ಮತ್ತೆ ತೇಲಿಬಿಟ್ಟು, ಪಕ್ಕದಲ್ಲಿ ಒಂದು ಕಲ್ಲು ಇಡಬೇಕು. ನಲವತ್ತನೆಯ ಕಲ್ಲಿಗೆ ಎದ್ದು ಹೋಗಿ ಕೆಳಗಿನೂರಿನ ತೂಬು ತೆರೆಯಬೇಕು. ನೀರಿನ ಇಲಾಖೆಯವನೊಬ್ಬ ಒಮ್ಮೆ ಬಂದು, ಗಡಿಯಾರ ಇಟ್ಟುಕೊಳ್ಳಿ ಅಂದಿದ್ದ. ಅವನಿಗೆ ಚಹಾ ಕುಡಿಸಿ, ಜೇಬಿನ ತುಂಬ ಒಣ ಹಿಪ್ಪುನೇರಳೆ ಕೊಟ್ಟು ಕಳಿಸಿದ್ದರು. ಗಡಿಯಾರಕ್ಕೆ ಬರಕತ್ತು ಇಲ್ಲ, ದೇವರ ಕೃಪೆ ಇಲ್ಲ, ಬೋಗುಣಿಗೆ ಇದೆ. ಆ ಬರಕತ್ತು ಉಳಿಯಬೇಕಾದರೆ ಬೋಗುಣಿಯನ್ನು ಎಂದೂ ತೊಳೆಯಕೂಡದು, ಉಜ್ಜಕೂಡದು. ಇದು ಹಕ್‌ನಜರನ ಅಪ್ಪನ ಕಾಲದಿಂದ ಬಂದ ಕಟ್ಟಳೆ. ಸವ್ರಿಯೂ ಅದನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು, ಸುತ್ತಿ ಒಯ್ಯುತ್ತಿದ್ದಳು, ಅಷ್ಟೇ.

ಆ ವರ್ಷ ಜರ್ದಾಳು ಹಣ್ಣು ಹಳದಿಗೆ ತಿರುಗುವ ಹೊತ್ತಿಗೆ ಅವಳ ಕಣ್ಣು ಮತ್ತೆ ಮತ್ತೆ ಮರದ ನೆರಳಿನ ಕಡೆ ಹೋಗತೊಡಗಿತು. ಬೀಬಿಯ ಕಥೆಯಲ್ಲಿ ಇನ್ನೊಂದು ಮಾತಿತ್ತು. ಜರ್ದಾಳು ಹಳದಿಯಾಗುವ ದಿನಗಳಲ್ಲಿ, ನಲವತ್ತನೆಯ ಸಲ ಬೋಗುಣಿ ಮುಳುಗುವಾಗ, ಮರದ ನೆರಳು ಮರದ ಪಾದಕ್ಕೇ ಬಂದು ಮುದುಡಿ ಮಲಗಿರುತ್ತದೆ ಅಂತ. ಈಗ ನಲವತ್ತನೆಯ ಕಲ್ಲು ಇಡುವಾಗ ನೆರಳು ಕಾಲುವೆ ದಾಟಿ ಆಚೆಯ ಬೇಲಿಯ ಮೇಲೆ ಹತ್ತಿರುತ್ತಿತ್ತು. ಮರ ಬೆಳೆದಿದೆ, ಅದಕ್ಕೇ ನೆರಳೂ ಬೆಳೆದಿದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಮರ ಎಷ್ಟು ಬೆಳೆದರೂ ನಡುಹಗಲಿಗೆ ನೆರಳು ಆ ಕಡೆ ಓಡಿಹೋಗುವುದಿಲ್ಲವಲ್ಲ.

ಒಂದು ಬೆಳಗ್ಗೆ ಕೆಟಲಿನ ಮೂತಿಯಿಂದ ಚಹಾ ಹನಿಹನಿಯಾಗಿ ಬೀಳತೊಡಗಿತು. ಅವರ ನೀರೇ ಹಾಗೆ, ಕಾಯಿಸಿದ ಪಾತ್ರೆಗೆಲ್ಲ ಬಿಳಿಯ ಸುಣ್ಣ ಕಟ್ಟುತ್ತದೆ. ಎಲ್ಲರ ಮನೆಯಂತೆ ಅವಳೂ ಹುಳಿ ಬರಿಸಿದ ಜರ್ದಾಳು ನೀರನ್ನು ಕೆಟಲಿಗೆ ಸುರಿದಳು. ಮೂತಿಯೊಳಗೆ ಬುಸುಬುಸು ಸದ್ದಾಗಿ ಸುಣ್ಣದ ಚಕ್ಕೆಗಳು ಉದುರಿದವು. ಅವಳ ಕೈ ಅಲ್ಲೇ ನಿಂತಿತು. ಹುಳಿ. ಮುಳ್ಳು. ಹಲ್ಲು. ನವ್ರೂಜ್ ಹಬ್ಬದ ಹಿಂದಿನ ದಿನ ಬೀಬಿ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಉಗ್ರಾಣಕ್ಕೆ ಹೋಗುತ್ತಿದ್ದದ್ದು, ಬಾಗಿಲ ಸಂದಿಯಿಂದ ಇಣುಕಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದದ್ದು ನೆನಪಾಯಿತು.

ಬೋಗುಣಿಯ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು. ತೂತಿನ ಸುತ್ತ ಬಿಳಿಯ ಕಲ್ಲಿನ ತುಟಿ ಕಟ್ಟಿತ್ತು. ಸೂಜಿ ಹೋಗಬೇಕಾದ ಜಾಗದಲ್ಲಿ ಕುದುರೆಯ ಕೂದಲಷ್ಟೇ ಬೆಳಕು.

ತೂತು ಕಿರಿದಾದರೆ ಬೋಗುಣಿ ನಿಧಾನವಾಗಿ ತುಂಬುತ್ತದೆ. ನಲವತ್ತು ಮುಳುಗು ಮುಗಿಯುವುದು ತಡವಾಗುತ್ತದೆ. ಆ ತಡವೆಲ್ಲ ಮೇಲಿನೂರಿನ ಹೊಲಕ್ಕೆ ಹರಿದು, ಕೆಳಗಿನೂರಿಗೆ ಸಂಜೆಯ ಚೂರಷ್ಟೇ ಉಳಿಯುತ್ತದೆ. ಹನ್ನೆರಡು ವರ್ಷದಿಂದ, ವರ್ಷವರ್ಷಕ್ಕೂ ಒಂದಿಷ್ಟು ಹೆಚ್ಚು. ಹಿಮ ಕರಗಿ ಕಡಮೆಯಾಗಿದೆ, ದೇವರ ಇಚ್ಛೆ ಎಂದು ಎಲ್ಲರೂ ಬೆಟ್ಟದ ಕಡೆ ಕೈ ತೋರಿಸುತ್ತಿದ್ದರು.

ಎಲ್ಲರೂ ಅಲ್ಲ. ಒಬ್ಬ ಸೂರ್ಯನ ಕಡೆ ಕೈ ತೋರಿಸಿದ್ದ. ಕೆಳಗಿನೂರಿನ ರಜಬ್, ಸವ್ರಿಯ ಅಕ್ಕ ಓಯ್‌ಗುಲಳ ಗಂಡ. ಮೂರು ವರ್ಷದ ಹಿಂದಿನ ಬೇಸಗೆಯಲ್ಲಿ ಮೂವತ್ತಮೂರನೆಯ ಕಲ್ಲಿಗೇ ಬಂದು, ಹೊತ್ತು ತಿರುಗಿದೆ, ನೀರು ನಮ್ಮದು ಎಂದು ಗುದ್ದಲಿಯಿಂದ ತೂಬು ಒಡೆದಿದ್ದ. ಹಕ್‌ನಜರ್ ಅಂದೇ ಎರಡೂರನ್ನು ಮರದಡಿ ಕರೆಸಿ, ಬೋಗುಣಿಯ ಮೇಲೆ ಕೈಯಿಟ್ಟು, ಇವನು ನೀರುಕಳ್ಳ ಎಂದು ಆಣೆ ಮಾಡಿದ್ದ, ಸ್ವಂತ ಅಳಿಯನ ಮೇಲೆ. ನ್ಯಾಯ ಅಂದರೆ ಅದು ಎಂದು ಜನ ಇಂದಿಗೂ ಹೇಳುತ್ತಿದ್ದರು. ಅಂದಿನಿಂದ ರಜಬನ ಜೊತೆ ಯಾರೂ ರೊಟ್ಟಿ ಮುರಿಯುತ್ತಿರಲಿಲ್ಲ, ಊರೆಲ್ಲ ಸೇರಿ ಕಾಲುವೆಯ ಹೂಳೆತ್ತುವ ಹಶರಿಗೂ ಕರೆಯುತ್ತಿರಲಿಲ್ಲ. ಅವನ ಎರಡನೆಯ ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಹಾಸಿದ ಕಂಬಳಿಯ ಮೇಲೆ ಒಬ್ಬರೂ ಕೂರಲಿಲ್ಲ. ಓಯ್‌ಗುಲ್ ತವರಿನ ಹೊಸಿಲು ತುಳಿದು ಮೂರು ವರ್ಷವಾಗಿತ್ತು.

ಸವ್ರಿ ಬೋಗುಣಿಯನ್ನು ಸುತ್ತಿ ಎದೆಗೆ ಒತ್ತಿಕೊಂಡು ಕೂತಳು. ಅಪ್ಪನ ಆಣೆ ಸುಳ್ಳಾಗಿತ್ತು. ಅದನ್ನು ಸುಳ್ಳು ಮಾಡಿದವಳು ಅವಳೇ, ಹುಳಿ ಕುಡಿಸುತ್ತೇನೆಂದು ಮಾತು ಕೊಟ್ಟು ನಡೆಸದವಳು.

ಮೊದಲು ಹೊಳೆದದ್ದು ಗುಟ್ಟಿನ ದಾರಿ. ಯಾರಿಗೂ ಹೇಳದೆ ದಿನಕ್ಕಿಷ್ಟು ಕೆರೆದುಬಿಟ್ಟರೆ ನೀರು ತಾನಾಗಿ ಸರಿಹೋಗುತ್ತದೆ, ಅಪ್ಪನ ಹೆಸರೂ ಉಳಿಯುತ್ತದೆ. ಮರುದಿನ ಬೆಳಗಾಗುತ್ತಿದ್ದಂತೆ ಕಾಡುಗುಲಾಬಿಯ ಮುಳ್ಳೊಂದನ್ನು ಮುರಿದು, ಅದರ ಮೊನೆಯಿಂದ ಬಿಳಿಯ ತುಟಿಯನ್ನು ಎರಡು ಸಲ ಗೀರಿದಳು. ಎರಡೇ ಸಲ. ಆ ದಿನ ನಲವತ್ತನೆಯ ಕಲ್ಲು ಇಡುವಾಗ ನೆರಳು ಬೇಲಿ ಹತ್ತಿರಲಿಲ್ಲ, ಬೇಲಿಯ ಬುಡದಲ್ಲಿತ್ತು.

ಅದನ್ನು ನೋಡಿದವಳು ಅವಳೊಬ್ಬಳೇ ಅಲ್ಲ. ಮೇಲಿನೂರಿನ ಕುರ್ಬೊನ್, ಬೆಟ್ಟದ ಇಳಿಜಾರನ್ನೂ ಉತ್ತು ಆಲೂಗಡ್ಡೆ ಹಾಕಿದ್ದವನು, ಗುದ್ದಲಿ ಹೆಗಲಿಗೇರಿಸಿಕೊಂಡು ಬಂದು ಕಲ್ಲುಗಳನ್ನು ಒಂದೊಂದಾಗಿ ಎಣಿಸಿದ. ನಲವತ್ತು ಸರಿಯಾಗಿತ್ತು. ಆದರೂ ಅಲ್ಲಿಂದ ಕದಲಲಿಲ್ಲ.

"ಏನಮ್ಮಾ ಮೀರಾಬ್, ಇವತ್ತು ನಿನ್ನ ಬೋಗುಣಿಗೆ ಬಲು ಅವಸರ. ನನ್ನ ಕಡೇ ಸಾಲು ಇನ್ನೂ ಒಣಗಿದೆ. ಅಕ್ಕನ ಮನೆಯಿಂದ ಹಿಪ್ಪುನೇರಳೆ ಬುಟ್ಟಿ ಬಂತೇನು?"

"ಅಕ್ಕ ನನ್ನ ಜೊತೆ ಮಾತಾಡೋದನ್ನೇ ಬಿಟ್ಟು ಮೂರು ವರ್ಷ ಆಯ್ತು, ಕುರ್ಬೊನ್ ಅಣ್ಣ," ಅಂದಳು ಸವ್ರಿ.

"ಮಾತು ಬಿಟ್ರೆ ರಕ್ತ ಬಿಡತ್ತಾ? ನಾಳೆಯಿಂದ ನಾನೂ ಇಲ್ಲೇ ಕೂರ್ತೀನಿ. ನಿನಗೂ ಬೇಜಾರು ಕಳೆಯತ್ತೆ."

ಮರುದಿನ ಅವನು ಕಂಬಳಿಯನ್ನೇ ಹಾಸಿಕೊಂಡು ಕೂತ. ಸವ್ರಿ ಮುಳ್ಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. ಗುಟ್ಟಿನ ದಾರಿ ಮುಚ್ಚಿತ್ತು. ಕೆರೆದರೆ ಅಕ್ಕನಿಗಾಗಿ ಮೋಸ ಮಾಡಿದಳು ಅನ್ನುತ್ತಾರೆ, ಕೆರೆಯದಿದ್ದರೆ ಮೋಸ ನಡೆದೇ ಇರುತ್ತದೆ. ಆ ದಿನ ಒಂದೊಂದು ಕಲ್ಲು ಇಡುವಾಗಲೂ ಅದು ಯಾರದೋ ಬಾಯಿಂದ ಕಿತ್ತ ತುತ್ತಿನಂತೆ ಬೆರಳಿಗೆ ಅಂಟುತ್ತಿತ್ತು.

ತೂಬು ತೆರೆಯಲು ಕೆಳಗೆ ಹೋದಾಗ ಅಲ್ಲಿ ಓಯ್‌ಗುಲ್ ಕಾಯುತ್ತಿದ್ದಳು. ಹಿಂದೆ ಕೆಳಗಿನೂರಿನ ನಾಲ್ಕೈದು ಹೆಂಗಸರು. ಅಕ್ಕ ಮಡಿಲು ಬಿಚ್ಚಿ ತಂಗಿಯ ಕಾಲಬಳಿ ಸುರಿದಳು. ಗೊರಟಿನ ಗಾತ್ರಕ್ಕೇ ಸುಕ್ಕಿ ಉದುರಿದ ಜರ್ದಾಳು ಕಾಯಿಗಳು.

"ಮೀರಾಬ್ ಸಾಹೇಬರಿಗೆ ನಮ್ಮೂರಿನ ಕಾಣಿಕೆ," ಅಂದಳು ಓಯ್‌ಗುಲ್. ಹಿಂದಿನವರಲ್ಲಿ ಯಾರೋ ಕಿಸಕ್ಕೆಂದರು. "ಹಿಮ ಕಮ್ಮಿ ಅಂತ ಮಾತ್ರ ಹೇಳ್ಬೇಡ ಸವ್ರಿ. ನಿಮ್ಮೂರಿನ ಆಲೂಗಡ್ಡೆ ಬೆಟ್ಟ ಹತ್ತಿದೆ, ಇಲ್ಲಿಂದಲೇ ಹಸಿರು ಕಾಣ್ತದೆ. ಇನ್ನೊಂದು ವಾರ ಹಿಂಗೇ ಆದ್ರೆ ಮರದಲ್ಲಿ ಒಂದೂ ನಿಲ್ಲಲ್ಲ. ರಜಬ್ ಆಗಲೇ ಕೊಡಲಿ ಮಸೆದಿಟ್ಟಿದ್ದಾನೆ. ಮರ ಕಡಿದು ಸೌದೆ ಮಾಡಿ, ಊರೇ ಬಿಡೋಣ ಅಂತಾನೆ."

ಸವ್ರಿ ತೂಬಿನ ಹಲಗೆ ಎತ್ತಿದಳು. ನೀರು ಒಣಮಣ್ಣನ್ನು ನೆಕ್ಕಿಕೊಂಡು ಕೆಳಗೆ ಹೋಯಿತು. ಹೆಂಗಸರು ನೀರಿನ ಹಿಂದೆಯೇ ಓಡಿದರು. ಓಯ್‌ಗುಲ್ ಮಾತ್ರ ನಿಂತಳು.

"ನಮ್ಮ ಹುಡುಗ ನಿನ್ನೆ ಕೇಳ್ದ," ಅಂದಳು, ಈಗ ದನಿಯಲ್ಲಿ ಕೊಂಕಿರಲಿಲ್ಲ. "ನೀರುಕಳ್ಳ ಅಂದ್ರೆ ಅದೇನಮ್ಮಾ ಕೆಲಸ, ಬಡಗಿ ಥರಾನಾ, ದೊಡ್ಡವನಾದ್ರೆ ನಾನೂ ಅದನ್ನೇ ಮಾಡ್ಬೇಕಾ ಅಂತ."

ಸವ್ರಿಯ ನಾಲಗೆಯ ತುದಿಗೆ ಎಲ್ಲವೂ ಬಂದು ನಿಂತಿತು. ಆದರೆ ಅಕ್ಕನಿಗೆ ಮೊದಲು ಹೇಳಿದರೆ ಅದು ಅಕ್ಕನ ಕಡೆಯ ಮಾತಾಗುತ್ತದೆ. ಮೊದಲು ತಿಳಿಯಬೇಕಾದವನು ಅಪ್ಪ. ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದಳು.

ಹಕ್‌ನಜರ್ ಮಣ್ಣಿನ ಗೋಡೆಗೆ ಒರಗಿ ಕೂತಿದ್ದ. ಕಣ್ಣು ಹೋದಮೇಲೆ ಅವನು ದಿನವಿಡೀ ಕಾಲುವೆಯ ಸದ್ದನ್ನೇ ಕೇಳುತ್ತಿದ್ದ. ಉಪ್ಪು ಹಾಕಿದ ಹಾಲು-ಚಹಾದಲ್ಲಿ ರೊಟ್ಟಿ ಮುರಿದು ಹಾಕಿ ಸವ್ರಿ ಬಟ್ಟಲನ್ನು ಅವನ ಕೈಗಿತ್ತಳು. ಅಪ್ಪಾ, ಬೋಗುಣಿಯ ವಿಚಾರ ಒಂದು ಮಾತು ಎಂದು ಶುರುಮಾಡಿದಳು. ಅವನ ಮುಖ ಅರಳಿತು.

"ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಕಣೇ. ನಾನು ಹೋದ ದಿನ, ಮಣ್ಣಿಗೆ ಒಯ್ಯೋಕೆ ಮುಂಚೆ, ಅದನ್ನ ಒಂದು ಗಳಿಗೆ ನನ್ನ ಎದೆ ಮೇಲಿಡು. ಆಮೇಲೆ ಎತ್ಕೊ. ಅಲ್ಲಿ ಕೇಳಿದ್ರೆ ತೋರಿಸೋಕೆ ನನ್ನ ಹತ್ರ ಇನ್ನೇನಿದೆ? ಒಂದು ಹನಿ ಆ ಕಡೆ ಈ ಕಡೆ ಮಾಡ್ಲಿಲ್ಲ. ಹೊಟ್ಟೆಲಿ ಹುಟ್ಟಿದ ಮಗಳ ಗಂಡ ಅಂತಾನೂ ನೋಡ್ಲಿಲ್ಲ." ಬಟ್ಟಲು ಅವನ ಕೈಯಲ್ಲಿ ವಾಲಿ ಚಹಾ ಮಂಡಿಯ ಮೇಲೆ ಚೆಲ್ಲಿತು. "ಅದೊಂದಕ್ಕೆ ಮಾತ್ರ ನನಗೆ ನಿದ್ದೆ ಬರಲ್ಲ. ಆದ್ರೂ ಸರಿಯಾಗೇ ಮಾಡಿದೀನಿ, ಅಲ್ವೇನೇ?"

ಸವ್ರಿ ಅವನ ಮಂಡಿ ಒರೆಸಿದಳು. ಚಹಾ ಆರುತ್ತೆ ಅಪ್ಪಾ ಅಂದಳು.

ಮೂರು ದಿನ ಅವಳು ಇದನ್ನೇ ತೂಗಿ ನೋಡಿದಳು. ಹೇಳಿದರೆ ಅಪ್ಪ ಬದುಕಿರುವಾಗಲೇ ಅವನ ಎದೆಯ ಮೇಲಿಂದ ಬೋಗುಣಿಯನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಅಕ್ಕನ ಮಗ ನೀರುಕಳ್ಳನ ಮಗನಾಗಿಯೇ ಊರು ಬಿಡುತ್ತಾನೆ. ಮೇಲಿನೂರಿಗೂ ಮಕ್ಕಳಿದ್ದರು, ಅವರ ಆಲೂಗಡ್ಡೆಯೂ ಬಾಯಾರಿ ನಿಂತಿತ್ತು. ತೊಟ್ಟಿಯ ಬಳಿ ಕೂತು ಅವಳು ಬೋಗುಣಿಯನ್ನೇ ನೋಡುತ್ತಿದ್ದಳು. ಅದು ಚಿಕ್ಕ ತಾಮ್ರದ ಚಂದ್ರನಂತೆ ತೇಲುತ್ತಾ, ನೀನೇ ಅಲ್ಲವೇ ಕೈ ಎತ್ತಿದ್ದು ಎಂದು ಕೇಳುತ್ತಿರುವಂತೆ ಅನಿಸುತ್ತಿತ್ತು. ಪಕ್ಕದಲ್ಲಿ ಕುರ್ಬೊನ್ ಸೂರ್ಯಕಾಂತಿ ಬೀಜ ಕಡಿದು ಉಗುಳುತ್ತಿದ್ದ. ನಾಲ್ಕನೆಯ ದಿನ ಕೆಳಗಿನೂರಿನಿಂದ ಕೊಡಲಿಯ ಸದ್ದು ಕೇಳಿಸಿತು. ಠಕ್, ಠಕ್. ಅದು ಯಾರ ಅಂಗಳದ್ದೆಂದು ತಿಳಿಯಲಿಲ್ಲ. ಕೈಯಲ್ಲಿದ್ದ ಕಲ್ಲು ಜಾರಿ ತೊಟ್ಟಿಗೆ ಬಿತ್ತು.

ಅಂದು ಸಂಜೆಯೇ ಎರಡೂರಿಗೂ ಹೇಳಿಕಳಿಸಿದಳು. ನಾಳೆ ಹಶರ್, ತೊಟ್ಟಿಯ ಸುತ್ತಲಿನ ಹೂಳೆತ್ತಬೇಕು, ಮನೆಗೊಬ್ಬರು ಬರಬೇಕು, ರಜಬನೂ ಬರಬೇಕು. ಕೊನೆಯ ಮಾತಿಗೆ ಮೇಲಿನೂರಿನಲ್ಲಿ ಗುಸುಗುಸು ಎದ್ದಿತು. ಆದರೆ ಹಶರಿಗೆ ಕರೆಯುವ ಹಕ್ಕು ಮೀರಾಬನದು.

ಬೆಳಗ್ಗೆ ಅಪ್ಪನನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಹೊರಟಳು. ಅವಳ ಚೀಲದಲ್ಲಿ ಹುಳಿನೀರಿನ ಜಾಡಿ ಮತ್ತು ಮುಳ್ಳು. ಊರಿನ ಕೊನೆಯ ಗೋಡೆ ದಾಟಿದ ಮೇಲೆ ಕತ್ತೆಯನ್ನು ನಿಲ್ಲಿಸಿ, ಬೋಗುಣಿಗೆ ಸುತ್ತಿದ ಬಟ್ಟೆ ಬಿಚ್ಚಿ, ಅದನ್ನು ಅಪ್ಪನ ಮಡಿಲಲ್ಲಿಟ್ಟು, ಅವನ ಹೆಬ್ಬೆರಳನ್ನು ಹಿಡಿದು ತಳಕ್ಕೆ ಮುಟ್ಟಿಸಿದಳು.

"ತೂತು ಎಲ್ಲಿದೆ ಹೇಳು ಅಪ್ಪಾ."

ಹೆಬ್ಬೆರಳು ಸುತ್ತಿತು, ಮತ್ತೆ ಸುತ್ತಿತು. ಒಂದು ಕಡೆ ನಿಂತು ಉಗುರಿನಿಂದ ಮೆಲ್ಲಗೆ ಮೀಟಿತು. ಸವ್ರಿ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು. ಕೆಟಲು, ನೆರಳು, ಬೀಬಿಯ ಕಥೆ, ತಾನು ನಡೆಸದ ಮಾತು. ಅಪ್ಪ ಮನೆಗೆ ಹಿಂತಿರುಗಿಸು ಅನ್ನಬಹುದು, ನೀನು ನನ್ನ ಮಗಳೇ ಅಲ್ಲ ಅನ್ನಬಹುದು ಎಂದು ಅವಳು ಕಾದಳು. ಅವನು ಬೋಗುಣಿಯನ್ನು ತಾನೇ ಬಟ್ಟೆಯಲ್ಲಿ ಸುತ್ತಿ ಅಂಗಿಯೊಳಗೆ ಸೇರಿಸಿಕೊಂಡ. ಕತ್ತೆ ಹೊರಟಿತು. ಬೋಗುಣಿ ಅವನ ಅಂಗಿಯೊಳಗಿತ್ತು. ಅದನ್ನು ಕೊಡುತ್ತಾನೋ ಇಲ್ಲವೋ ಸವ್ರಿಗೆ ಗೊತ್ತಿರಲಿಲ್ಲ.

ಮರದಡಿ ನೂರು ಜನ ಸೇರಿದ್ದರು. ರಜಬ್ ದೂರದಲ್ಲಿ ಕಲ್ಲಿನಂತೆ ನಿಂತಿದ್ದ, ಅವನ ಸುತ್ತ ಹತ್ತು ಹೆಜ್ಜೆ ಖಾಲಿ ನೆಲ. ಸವ್ರಿ ತೊಟ್ಟಿಯ ಅಂಚಿನ ಮೇಲೆ ನಿಂತು ಹೇಳತೊಡಗಿದಳು. ತೂತು ಕಟ್ಟಿದೆ, ಹನ್ನೆರಡು ವರ್ಷದಿಂದ ಎಣಿಕೆ ತಪ್ಪಿದೆ, ಕೆಳಗಿನೂರಿನ ನೀರು ಮೇಲಕ್ಕೆ ಹೋಗಿದೆ, ಇಂದು ಎಲ್ಲರ ಎದುರೇ ಬೋಗುಣಿ ತೊಳೆಯುತ್ತೇನೆ ಅಂದಳು.

ತೊಳೆಯುವ ಮಾತಿಗೆ ಮುದುಕರು ಕಿವಿ ಮುಟ್ಟಿಕೊಂಡರು. ಕುರ್ಬೊನ್ ಮುಂದೆ ಬಂದ.

"ನಾನು ಹೇಳಿರ್ಲಿಲ್ವಾ? ಅಕ್ಕನಿಗೋಸ್ಕರ ಅಪ್ಪನ ಬೋಗುಣೀನೇ ಕೆಡಿಸ್ತಾಳೆ ಅಂತ. ಅದನ್ನ ತೊಳೆದ್ರೆ ಬರಕತ್ತು ಹೋಗ್ತದೆ. ನಾಳೆ ಬೆಟ್ಟ ಒಣಗಿದ್ರೆ ಯಾರು ಹೊಣೆ, ನೀನಾ? ಹಕ್‌ನಜರ್ ಬೋಬೊ, ಹಿರಿಯರು ನೀವಾದ್ರೂ ಹೇಳಿ ಇವಳಿಗೆ."

ಎಲ್ಲರ ಮುಖವೂ ಕತ್ತೆಯ ಕಡೆ ತಿರುಗಿತು. ಹಕ್‌ನಜರ್ ಮೆಲ್ಲಗೆ ಇಳಿದು, ಕತ್ತೆಯ ಕುತ್ತಿಗೆ ಹಿಡಿದು ನಿಂತ.

"ಪ್ರತಿ ನವ್ರೂಜಿಗೆ ಈ ಬೋಗುಣಿಯಿಂದ ಹುಳಿವಾಸನೆ ಬರ್ತಿತ್ತು," ಅಂದ. ಜೋರು ದನಿಯಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ನಮ್ಮಮ್ಮನ ಕೈ ವಾಸನೆ ಅಂದ್ಕೊಳ್ತಿದ್ದೆ. ಅವಳು ಸತ್ತಮೇಲೆ ವಾಸನೆ ನಿಂತೋಯ್ತು. ಅದೂ ಗೊತ್ತಾಯ್ತು ನನಗೆ. ಯಾಕೆ ಅಂತ ಕೇಳ್ಕೋಬೇಕಾಗಿತ್ತು. ಕೇಳ್ಕೊಳ್ಲಿಲ್ಲ." ಮುಖವನ್ನು ಜನರ ಕಡೆ ತಿರುಗಿಸಿದ. "ರಜಬ್ ಬಂದಿದ್ದಾನಾ?"

"ಇದೀನಿ ಮಾವ. ಹಿಂದೆ ಇದೀನಿ."

"ಹಿಂದೆ ಯಾಕೆ?"

"ಮುಂದೆ ನಿಲ್ಲೋಕೆ ನೀವೇ ಬಿಡ್ಲಿಲ್ವಲ್ಲ."

ಹಕ್‌ನಜರ್ ಜೇಬಿನಿಂದ ತನ್ನ ಜಪಮಣಿ ತೆಗೆದು ಗಾಳಿಯಲ್ಲಿ ಚಾಚಿದ. ಬೋಗುಣಿಯನ್ನು ಪರೀಕ್ಷಿಸುವಾಗ ಅದು ಮುಳುಗುವ ತನಕ ಮಣಿ ಎಣಿಸುವುದು ಎರಡೂರೂ ನಂಬುವ ಒಬ್ಬನ ಕೆಲಸ.

"ಬಾ, ಎಣಿಸು," ಅಂದ. "ನನ್ನ ಕೈ ಅಂದು ತಪ್ಪು ಜಾಗದಲ್ಲಿ ಆಣೆ ಇಟ್ಟಿತ್ತು. ನಿನ್ನ ಬಾಯಿಂದಲೇ ಊರು ಕೇಳ್ಲಿ."

ರಜಬ್ ಖಾಲಿ ನೆಲವನ್ನು ದಾಟಿ ಬಂದು ಮಣಿ ತೆಗೆದುಕೊಂಡ. ಹೆಂಗಸರ ಗುಂಪಿನಲ್ಲಿ ಓಯ್‌ಗುಲ್ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಕ್‌ನಜರ್ ಅಂಗಿಯೊಳಗಿಂದ ಬೋಗುಣಿ ತೆಗೆದು ಮಗಳಿಗೆ ಕೊಟ್ಟ. ಸವ್ರಿ ಮೊದಲು ಅದನ್ನು ಇದ್ದ ಹಾಗೆಯೇ ತೇಲಿಬಿಟ್ಟಳು. ರಜಬ್ ಮಣಿ ಸರಿಸುತ್ತಾ ಹೋದ. ಜಪಮಾಲೆ ಎಂಟು ಸುತ್ತು ಮುಗಿದು ಒಂಬತ್ತನೆಯದರ ನಡುವೆ ಮಣಿ ಬಂದಾಗ ಬೋಗುಣಿ ಮುಳುಗಿತು.

ಅವಳು ಅದನ್ನೆತ್ತಿ, ಮಗುಚಿ, ಮಂಡಿಯ ಮೇಲಿಟ್ಟುಕೊಂಡಳು. ಜಾಡಿಯ ಬಾಯಿ ಬಿಚ್ಚಿದಾಗ ಹುಳಿವಾಸನೆ ಹರಡಿತು. ಹಕ್‌ನಜರನ ಮೂಗಿನ ಹೊಳ್ಳೆ ಅರಳಿದ್ದನ್ನು, ಕುರುಡು ಕಣ್ಣು ತೇವವಾದದ್ದನ್ನು ಅವಳು ನೋಡಿದಳು. ಹುಳಿ ಬಿದ್ದಲ್ಲಿ ಬಿಳಿಯ ತುಟಿ ಬುಸುಗುಟ್ಟಿತು, ನೊರೆಯೆದ್ದಿತು. ಮತ್ತೆ ಹೊಯ್ದಳು, ಮತ್ತೆ ಕಾದಳು. ಅವಸರ ಮಾಡಲಿಲ್ಲ. ಬೀಬಿ ಉಗ್ರಾಣದಲ್ಲಿ ಬಹಳ ಹೊತ್ತು ಇರುತ್ತಿದ್ದಳು. ಆಮೇಲೆ ಮುಳ್ಳು ತೆಗೆದು ಸುತ್ತಲೂ ತಿಕ್ಕಿದಳು. ಸುಣ್ಣದ ಚಕ್ಕೆಗಳು ಮಗುವಿನ ಹಾಲುಹಲ್ಲಿನಂತೆ ಒಂದೊಂದಾಗಿ ಕಳಚಿ ಅವಳ ಮಡಿಲಿಗೆ ಬಿದ್ದವು. ಕೊನೆಗೆ ಮುಳ್ಳು ಆಚೆಗೆ ತೂರಿತು. ಬೋಗುಣಿಯನ್ನು ಸೂರ್ಯನಿಗೆ ಹಿಡಿದಳು. ತೂತಿನಿಂದ ಬೆಳಕಿನ ಒಂದು ಚುಕ್ಕೆ ಇಳಿದು ಅಪ್ಪನ ಕೈಯ ಮೇಲೆ ಕೂತಿತು. ಅವನಿಗೆ ಅದು ಕಾಣಲಿಲ್ಲ.

ಮತ್ತೆ ತೇಲಿಬಿಟ್ಟಳು. ರಜಬನ ಬೆರಳಿನಲ್ಲಿ ಮಣಿ ಒಂದೊಂದಾಗಿ ಸರಿಯಿತು. ಆರು ಸುತ್ತು ಮುಗಿಯಿತು. ಏಳನೆಯದಿನ್ನೂ ಉಳಿದಿರುವಾಗಲೇ ಬೋಗುಣಿ ಅಂಚು ಬಾಗಿಸಿ, ಗುಳುಕ್ಕೆಂದು, ಬಹಳ ದಿನದ ಮೇಲೆ ನೀರು ಕುಡಿದವರಂತೆ ಕೆಳಗಿಳಿಯಿತು.

ಕುರ್ಬೊನ್ ತನ್ನ ಗುದ್ದಲಿ ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಹೂಳಿನ ಕಡೆ ನಡೆದ.

"ಒಂದು," ಅಂದ ರಜಬ್.

ಸವ್ರಿ ಕಲ್ಲೊಂದನ್ನು ಎತ್ತಿ ತೊಟ್ಟಿಯ ಅಂಚಿನ ಮೇಲಿಟ್ಟಳು.